ಜಗ್ಗ್ರಿ ಅಂದಿದ್ದು

ರಾಯಚೂರಿಂದ ಬೆಂಗಳೂರಿನ ಬೆನ್ಸನ್ ಟೌನಿನ ಲೇಡೀಸ್ ಹಾಸ್ಟೆಲಿಗೆ ಬಂದ ಮೊದಲ ವಾರವೇ ಮಹಡಿ ಮಹಡಿಗಳ ನಡುವೆ ಹಗ್ಗ ಎಳೆಯೋ ಸ್ಪರ್ಧೆ ಇತ್ತು. ನಾನು ಸಣಕಲಿ, ಆದರೆ ದನಿ ದೊಡ್ಡದು ಅಂತ ಕ್ಯಾಪ್ಟನ್ ಶೈಲಕ್ಕ ನನ್ನನ್ನು ಕೂಗೋಕೆ ನಿಲ್ಲಿಸಿದಳು. ಸೀಟಿ ಊದಿದ್ದೇ ತಡ, "ಜಗ್ಗ್ರೀ!" ಅಂತ ಕಿರುಚಿದೆ. ನಮ್ಮವರು ಗಲಿಬಿಲಿಯಾಗಿ ಕೈ ಸಡಿಲಿಸಿ ಮಣ್ಣಿಗೆ ಬಿದ್ದರು.

"ಬಿಡೋಕೆ ಯಾಕೆ ಹೇಳ್ದೆ?" ಶೈಲಕ್ಕ ರೇಗಿದಳು.

"ಬಿಡ್ರಿ ಅಂದಿಲ್ರೀ ಅಕ್ಕಾ. ಜಗ್ಗ್ರಿ ಅಂದ್ರ ಎಳೀರಿ ಅಂತ!"

"ನಮ್ಮಲ್ಲಿ ಜಗ್ಗೋದು ಅಂದ್ರೆ ಸೋತು ಬಗ್ಗೋದು ಕಣೇ. ಯಾರಿಗೂ ಜಗ್ಗಬೇಡ ಅಂತೀವಲ್ಲ?"

ಒಂದೇ ಮಾತು ಊರು ದಾಟಿದ್ದಕ್ಕೆ ಹೀಗೆ ತಿರುಗಿ ನಿಂತಿದ್ದು ನೋಡಿ ನನಗೆ ಸೋಜಿಗವಾಯಿತು. ಎರಡನೇ ಸುತ್ತಿಗೆ ಶೈಲಕ್ಕನೇ "ಎಲ್ಲಾ ಜಗ್ಗ್ರೀ!" ಅಂದಳು. ಎದುರಿನವರು ನಕ್ಕು ಹಿಡಿತ ಕಳೆದುಕೊಂಡರು, ನಾವು ಗೆದ್ದೆವು. ಮೂರನೇ ಸುತ್ತಲ್ಲಿ ಸೋತೆವು, ಆ ಮಾತು ಬೇರೆ. ಆದರೂ ಈ ಆಟಕ್ಕೆ ಹಗ್ಗಜಗ್ಗಾಟ ಅಂತ ಹೆಸರಿಟ್ಟವರು ನಮ್ಮ ಕಡೆಯವರೇ ಇರಬೇಕು.