ನನ್ನ ಭಾಷಣಕ್ಕೆ ಎದ್ದು ನಿಂತ ಹೆಣ್ಣುಮಗಳು

ನನ್ನ ಭಾಷಣವನ್ನು ಮೂರು ವಾರ ಕಳೆದ ಮೇಲೂ ಮರೆಯದ ಕೇಳುಗರೊಬ್ಬರು ಸಿಕ್ಕಿದ್ದಾರೆ. ಬದುಕಿನಲ್ಲಿ ಇದು ಮೊದಲ ಸಲ. ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವನು ನಾನು. ಬೆಲ್ ಹೊಡೆದು ಮೂರು ನಿಮಿಷವಾದ ಮೇಲೆ ನನ್ನ ಮಾತು ನೆನಪಿಟ್ಟುಕೊಂಡವರನ್ನು ಕಂಡಿರಲಿಲ್ಲ.

ಆದದ್ದು ಬಸ್ಸಿನಲ್ಲಿ. ಆನವಟ್ಟಿಯ ನೆಂಟರ ಮನೆಯಲ್ಲಿ ಮರುದಿನ ಗೃಹಪ್ರವೇಶ. ಶಿಕಾರಿಪುರದಲ್ಲಿ ಸಂಜೆ ಬಸ್ ಹತ್ತಿದ್ದೆ. ದಾರಿಯಲ್ಲಿ ಅನಾನಸ್ ಕಾರ್ಖಾನೆಯ ಸ್ಟಾಪ್. ಶಿಫ್ಟ್ ಮುಗಿಸಿದ ಹೆಂಗಸರು ದಬದಬನೆ ಹತ್ತಿದರು. ಅವರಲ್ಲೊಬ್ಬರು, ನಲವತ್ತರ ಆಸುಪಾಸಿನವರು, ಪಕ್ಕದ ಸೀಟಿನಲ್ಲಿ ಕೂತು ನನ್ನನ್ನೇ ನೋಡತೊಡಗಿದರು.

“ನೀವೇ ಅಲ್ಲನ್ರೀ ಮೇಷ್ಟ್ರೆ, ಅವತ್ತು ನಮ್ ಫ್ಯಾಕ್ಟ್ರಿಗೆ ಭಾಷಣ ಮಾಡಾಕೆ ಬಂದಿದ್ದು?”

ನಾನು ನೆಟ್ಟಗೆ ಕೂತೆ. ಕಾಲರ್ ಸರಿಮಾಡಿಕೊಂಡೆ. (ವಯಸ್ಸು ಅರವತ್ತಮೂರು. ಕಾಲರ್ ಚಟ ಮಾತ್ರ ಹೋಗಿಲ್ಲ.) “ಹೌದಮ್ಮ. ಇನ್ನೂ ನೆನಪಿದೆಯಾ?”

“ಮರೆಯಾಕೆ ಆಗುತ್ತಾ ಬಿಡ್ರಿ,” ಎಂದರು ಆಕೆ.

ಆಗ ನನಗಾದ ಸುಖ ಸುಮಾರು ಹತ್ತು ಸೆಕೆಂಡ್ ಇತ್ತು. ಅದು ಹೇಗೆ ಮುಗಿಯಿತು ಎಂದು ಹೇಳುವ ಮೊದಲು ಆ ಭಾಷಣದ ಕಥೆ ಹೇಳಬೇಕು.

ಕಾರ್ಖಾನೆಯ ಹೆಸರು ಬರೆಯುವುದಿಲ್ಲ. ಶಾಲು ಹೊದಿಸಿದವರು, ಮೈಸೂರು ಪೇಟ ತೊಡಿಸಿದವರು. ಅಲ್ಲಿ ಅನಾನಸ್ ಸಿಪ್ಪೆ ತೆಗೆದು, ಹೋಳು ಮಾಡಿ, ಡಬ್ಬಿಗೆ ತುಂಬಿ ಎಲ್ಲೆಲ್ಲಿಗೋ ಕಳಿಸುತ್ತಾರೆ. ಕೆಲಸಕ್ಕಿರುವವರು ಹೆಚ್ಚಾಗಿ ಸುತ್ತಲಿನ ಹಳ್ಳಿಗಳ ಹೆಂಗಸರು. ಹಣ್ಣಿನ ರಸ ಬೆರಳಿನ ಗೆರೆಗಳನ್ನೇ ಸವೆಸುತ್ತದಂತೆ. ಹಾಗಾಗಿ ಅಲ್ಲಿ ಹಾಜರಿಗೆ ಹೆಬ್ಬೆಟ್ಟು ನಡೆಯುವುದಿಲ್ಲ, ಮುಖ ನೋಡುವ ಮಷಿನ್ ಇದೆ. ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ನಾನು ಮುಖ್ಯ ಅತಿಥಿ. ವಿಷಯ ಅವರೇ ಕೊಟ್ಟಿದ್ದು: ಸಮಯಪಾಲನೆ ಮತ್ತು ಯಶಸ್ಸು.

ನಾನು ನಲವತ್ತು ನಿಮಿಷ ತಡವಾಗಿ ಹೋದೆ.

ತಪ್ಪು ನನ್ನದಲ್ಲ (ಎಂದು ಆಗ ಅಂದುಕೊಂಡಿದ್ದೆ). ಮನೆಯಲ್ಲಿ ಸ್ಕೂಟರ್ ಇದೆ. ಗಂಟೆಗೊಂದು ಬಸ್ಸೂ ಇದೆ. ಆದರೆ ಮುಖ್ಯ ಅತಿಥಿ ಸ್ಕೂಟರಿನಲ್ಲಿ ಹೋಗಿ ಇಳಿಯುವುದುಂಟೇ? ಕಾರು ಕಳಿಸುತ್ತೇವೆ ಎಂದಿದ್ದರು. ಆ ಕಾರು ಮೊದಲು ಕಂದಾಯ ಇಲಾಖೆಯ ಅಧಿಕಾರಿಯೊಬ್ಬರನ್ನು ಕರೆತರಲು ಹೋಗಿತ್ತು. ಅವರೂ ವೇದಿಕೆಯ ಗಣ್ಯರು. ಇಸ್ತ್ರಿ ಕೆಡದ ಹಾಗೆ ಕುರ್ಚಿಯ ತುದಿಯಲ್ಲಿ ಕೂತು ಕಾಯುತ್ತಿದ್ದ ನನ್ನನ್ನು ನೋಡಿ ಹೆಂಡತಿ ಕೇಳಿದಳು, “ಸ್ಕೂಟರಲ್ಲಿ ಹೋದ್ರೆ ಶಾಲು ಹೊದಿಸಲ್ವಂತಾ?”

ನಾನು ಕಾಲರ್ ಸರಿಮಾಡಿಕೊಂಡೆ. (ಹೊದಿಸದೇ ಇದ್ದರೆ?)

ನಾವು ಹೋಗುವ ಹೊತ್ತಿಗೆ ಹಾಲ್ ತುಂಬಿತ್ತು. ಸಾಲು ಸಾಲು ನೀಲಿ ಟೋಪಿ, ಸಾಲು ಸಾಲು ಮಾಸ್ಕ್. ಕಂಪನಿಯ ಹೆಡ್ ಆಫೀಸಿನಿಂದ ಬಂದವರು ಮೊದಲು ಮಾತಾಡಿದರು. ಕಾರ್ಖಾನೆ ನಿಂತ ಜಾಗ ಹಿಂದೆ ದನ ಮೇಯುವ ಗೋಮಾಳ. ಅದನ್ನು ಸರ್ಕಾರ ಕೊಟ್ಟಿದ್ದು, ಸರ್ವೆ ಆಗಿದ್ದು, ಕರೆಂಟ್ ಬಂದಿದ್ದು, ಗೇಟಿನವರೆಗೆ ಡಾಂಬರು ಬಿದ್ದಿದ್ದು ಎಲ್ಲ ಸರಸರನೆ ಆಯಿತು, ಏಕಗವಾಕ್ಷಿಯ ಪುಣ್ಯ ಎಂದು ಹೇಳಿ ಅಧಿಕಾರಿಗೆ ಕೈಮುಗಿದರು. ಅಧಿಕಾರಿ ಎರಡು ಮಾತಾಡಿ ಕೂತರು. ನಾನು ಮೈಕ್ ಹಿಡಿದವನೇ ಅದಕ್ಕೆ ಒಗ್ಗರಣೆ ಹಾಕಿದೆ. “ಸಮಯದ ಬೆಲೆ ತಿಳಿದ ಆಡಳಿತ ಅಂದರೆ ಇದು” ಎಂದೆ. ನನಗೇ ಎಷ್ಟು ಚೆನ್ನಾಗಿ ಕೇಳಿಸಿತೆಂದರೆ, ಇನ್ನೊಂದು ಸಲ ಹೇಳಿದೆ.

ಅಷ್ಟರಲ್ಲಿ ಅಧಿಕಾರಿ ಗಡಿಯಾರ ನೋಡಿ, ತುರ್ತು ಕೆಲಸವಿದೆ ಎಂದು ಸನ್ನೆ ಮಾಡಿ ಹೊರಟರು. ಅವರು ಬಾಗಿಲು ದಾಟುತ್ತಿದ್ದಂತೆ ಐದನೇ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತರು.

ಸೂಪರ್‌ವೈಸರ್ ಕೈಸನ್ನೆ ಮಾಡಿದರೂ ಕೂರಲಿಲ್ಲ. ನನಗೆ ಒಳಗೊಳಗೇ ಹಿಗ್ಗು. ಮಾತು ಮನಸ್ಸಿಗೆ ತಟ್ಟಿದರೆ ಜನ ಹೀಗೆ ಎದ್ದು ನಿಲ್ಲುತ್ತಾರೆ ಎಂದು ಕೇಳಿದ್ದೆ, ನೋಡಿರಲಿಲ್ಲ. ಮೈಕಿನಲ್ಲೇ ಹೇಳಿದೆ, “ಕೂತ್ಕೊಳ್ಳಮ್ಮ, ಕೂತ್ಕೊ. ಮುಖ್ಯವಾದ ವಿಷಯಕ್ಕೆ ಈಗ ಬರ್ತಿದ್ದೀನಿ.”

ವೇದಿಕೆ ನಕ್ಕಿತು. ಆಕೆ ಕೂತರು. ಸ್ವಲ್ಪ ಹೊತ್ತಿಗೆ ಹಾಲ್ ತುಂಬ ಚಪ್ಪಾಳೆ. ಐದು ನಿಮಿಷ ಬಿಟ್ಟು ಇನ್ನೊಂದು ಸಲ, ಇನ್ನೂ ಜೋರಾಗಿ. ನಾನು ಹುರುಪಿನಲ್ಲಿ ಇಪ್ಪತ್ತು ನಿಮಿಷದ ಭಾಷಣವನ್ನು ಐವತ್ತು ನಿಮಿಷ ಮಾಡಿದೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮಲ್ಲಿ ಭಾಷಣ ಸಾಕಾದರೆ ಯಾರೂ ಬೈಯುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಚಪ್ಪಾಳೆ ತಟ್ಟುತ್ತಾರೆ. ಮಾತಿನ ನಡುವೆ, ಕಾರಣವಿಲ್ಲದೆ, ಉದ್ದಕ್ಕೆ ಚಪ್ಪಾಳೆ ಬಿತ್ತೆಂದರೆ ‘ಮಾರಾಯ, ಕೂತ್ಕೋ’ ಎಂದು ಅರ್ಥ. ಕಾಲೇಜು ದಿನಗಳಲ್ಲಿ ನಾನೇ ಎಷ್ಟು ಜನ ಭಾಷಣಕಾರರನ್ನು ಹೀಗೆ ಕೂರಿಸಿದ್ದೇನೆ! ಆದರೆ ನನಗೇ ಬಿದ್ದ ಚಪ್ಪಾಳೆ ಮಾತ್ರ ಮೆಚ್ಚುಗೆಯದು ಎಂದುಕೊಂಡೆ. ಹೆಗಲ ಮೇಲೆ ಶಾಲು ಬಿದ್ದ ಮೇಲೆ ಕಿವಿ ಅಷ್ಟು ಚೆನ್ನಾಗಿ ಕೇಳಿಸುವುದಿಲ್ಲ ಎಂದು ಕಾಣುತ್ತದೆ.

ಈಗ ಬಸ್ಸಿಗೆ ಬರೋಣ. ಆಕೆಯ ಹೆಸರು ನೇತ್ರಾವತಿ. ಆನವಟ್ಟಿಯಿಂದ ಒಳಗೆ ಒಂದು ಹಳ್ಳಿ. ಅವತ್ತು ಎದ್ದು ನಿಂತವರು ಅವರೇ.

“ನಿಮ್ ಭಾಷಣ ಕೇಳಿ ಎದ್ದಿದ್ದಲ್ಲ ಮೇಷ್ಟ್ರೆ,” ಎಂದರು, ಸಮಾಧಾನವಾಗಿಯೇ. “ಆ ಸಾಹೇಬ್ರು ಹೊಂಟಿದ್ದು ನಮ್ ಹೊಲಕ್ಕೆ.”

ಅವರ ಮನೆಯವರು ಅತ್ತೆಯ ಕಾಲದಿಂದ ಒಂದೆಕರೆ ಚಿಲ್ಲರೆ ಸರ್ಕಾರಿ ಜಮೀನು ಉಳುತ್ತಿದ್ದಾರೆ. ಅದನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಬಗರ್‌ಹುಕುಂ ಅರ್ಜಿ ಹಾಕಿ ವರ್ಷಗಳಾದವು. ಗಂಡ ಲಾರಿ ಡ್ರೈವರ್, ಊರಲ್ಲಿರುವುದು ಅಪರೂಪ. ಹಾಗಾಗಿ ಅರ್ಜಿ ನೇತ್ರಾವತಿಯವರ ಹೆಸರಲ್ಲಿದೆ. ಅಧಿಕಾರಿ ಹೊಲಕ್ಕೇ ಬಂದು ನೋಡಬೇಕು, ಅರ್ಜಿದಾರರು ನಿಂತು ಗಡಿ ತೋರಿಸಿ ಸಹಿ ಹಾಕಬೇಕು. ಹಿಂದೆ ಮೂರು ಸಲ ದಿನ ಕೊಟ್ಟಿದ್ದರು. ಮೂರು ಸಲವೂ ನೇತ್ರಾವತಿ ರಜೆ ಹಾಕಿ, ಬುತ್ತಿ ಕಟ್ಟಿಕೊಂಡು ಹೊಲದ ಬದುವಿನ ಮೇಲೆ ಸಂಜೆಯವರೆಗೆ ಕೂತರು. ಮೂರು ಸಲವೂ ಯಾರೂ ಬರಲಿಲ್ಲ.

ನಾಲ್ಕನೆಯ ಸಲ ಕೊಟ್ಟಿದ್ದು ವಾರ್ಷಿಕೋತ್ಸವದ ದಿನವೇ. ಅವತ್ತು ಅಧಿಕಾರಿ ಬಂದರು. ಹೇಗೂ ಈ ಕಡೆ ಸಮಾರಂಭಕ್ಕೆ ಬಂದವರು, ಅದನ್ನೂ ಮುಗಿಸಿಕೊಂಡು ಹೋಗೋಣ ಎಂದು.

“ನಂಗೆ ಎರಡು ಗಂಟಿಗೆ ಗೇಟ್ ಪಾಸ್ ಆಗಿತ್ರಿ. ವಾರದ ಮೊದ್ಲೇ ಬರ್ಸಿದ್ದೆ. ಬೆಳಿಗ್ಗೆ ಹೋದ್ರೆ, ಇವತ್ತು ಯಾರ್ಗೂ ಪಾಸ್ ಇಲ್ಲ, ದೊಡ್ಡೋರು ಬರ್ತಾರೆ, ಕುರ್ಚಿ ಖಾಲಿ ಕಾಣಂಗಿಲ್ಲ ಅಂದ್ರು. ಗೇಟಿಗೆ ಬೀಗಾನೂ ಹಾಕಿದ್ರು. ನೀವು ಟೈಮಿಗೆ ಬಂದಿದ್ರೂ ಹೆಂಗೋ ಆಗ್ತಿತ್ತು.”

ನಾನು ಕಿಟಕಿಯ ಕಡೆ ನೋಡಿದೆ.

“ಆಮೇಲೆ ನಿಮ್ ಭಾಷಣದ ಟೈಮು ಸಂಜೆ ನಿಂತು ಮಾಡ್ಕೊಟ್ವಿ. ಅಷ್ಟು ಹಣ್ಣು ಕೊಯ್ಯದು ಬಾಕಿ ಇತ್ತಲ್ರೀ. ಬಸ್ಸೂ ತಪ್ತು.”

ಹೊಲದಲ್ಲಿ ಅತ್ತೆ ಇದ್ದರಂತೆ. ಅತ್ತೆ ಅರ್ಜಿದಾರರಲ್ಲ. ಅಧಿಕಾರಿ ‘ಅರ್ಜಿದಾರರು ಸ್ಥಳದಲ್ಲಿ ಹಾಜರಿರಲಿಲ್ಲ’ ಎಂದು ಬರೆದುಕೊಂಡು ಹೋದರು. ಅದು ಹಾಗೇ ಉಳಿದರೆ ಅರ್ಜಿ ವಜಾ. ಅತ್ತೆ, ಮಾವ, ಗಂಡ, ಹೆಂಡತಿ ಬೆವರು ಸುರಿಸಿದ ನೆಲ ಅವರದ್ದಲ್ಲ ಎಂದಾಗುತ್ತದೆ.

ತರಗತಿಯಲ್ಲಿ ಅಸಮಾನತೆಯ ಪಾಠವನ್ನು ನಾನು ಬೋರ್ಡಿನ ಮೇಲೆ ಗೆರೆ ಎಳೆದು ಮಾಡುತ್ತಿದ್ದೆ. ಮೇಲೆ ಕೆಲವರು, ಕೆಳಗೆ ಬಹಳ ಜನ. ಆ ಗೆರೆಯ ಮೇಲೆ ನಿಂತು ಮೈಕ್ ಹಿಡಿದು ‘ಕೂತ್ಕೊ’ ಎನ್ನುವವನನ್ನು ಬೋರ್ಡಿನಲ್ಲಿ ತೋರಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಗೃಹಪ್ರವೇಶದ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. (ಸುಳ್ಳು. ಎರಡು ತಿಂದೆ. ಮೂರನೆಯದು ಇಳಿಯಲಿಲ್ಲ.) ಸೋಮವಾರ ಆ ಕಂದಾಯ ಕಚೇರಿಗೆ ಹೋದೆ. ಯಾವ ಊರಿನದು ಎಂದು ಬರೆಯುವುದಿಲ್ಲ, ಅಲ್ಲಿ ನನ್ನದೂ ಒಂದು ಖಾತೆ ಬದಲಾವಣೆ ಬಾಕಿ ಇದೆ.

ಅಧಿಕಾರಿ ಎದ್ದು ನಿಂತು ಬರಮಾಡಿಕೊಂಡರು. “ಸಾರ್, ನಿಮ್ಮ ಕಾಲಂ ತಪ್ಪದೆ ಓದ್ತೀನಿ. ಅವತ್ತು ಭಾಷಣ ಪೂರ್ತಿ ಕೇಳೋಕಾಗ್ಲಿಲ್ಲ.” ಪುಣ್ಯವಂತರು ಎಂದುಕೊಂಡೆ. ಟೀ ಬಂತು. ವಿಷಯ ಹೇಳಿದೆ.

“ಆಯಮ್ಮ ಅಲ್ಲೇ ನಿಮ್ಮೆದುರಿಗೇ ಕೂತಿದ್ರು.”

“ಟೋಪಿ, ಮಾಸ್ಕ್ ಹಾಕ್ಕೊಂಡಿರ್ತಾರೆ ಸಾರ್. ಹೆಂಗೆ ಗುರ್ತು ಸಿಗ್ಬೇಕು? ಸ್ಥಳದಲ್ಲಿ ಇಲ್ಲದವ್ರನ್ನ ಇದ್ರು ಅಂತ ಬರೆಯೋಕೆ ಬರಲ್ಲ. ಡ್ಯೂಟಿಲಿದ್ರು ಅಂತ ಫ್ಯಾಕ್ಟರಿಯವ್ರು ಒಂದು ಲೆಟರ್ ಕೊಡ್ಲಿ, ನೋಡೋಣ.”

ಸರಿಯಾದ ಮಾತೇ. ಕಾರ್ಖಾನೆಗೆ ಹೋದೆ (ಸ್ಕೂಟರಿನಲ್ಲಿ). ಹೆಚ್‌ಆರ್ ಮ್ಯಾನೇಜರ್ ಬಹಳ ವಿನಯವಂತ.

“ಲೆಟರ್ ಕೊಡೋಕಾಗಲ್ಲ ಸರ್. ಅವತ್ತಿನ ಫಂಕ್ಷನ್ ಡ್ಯೂಟಿ ಅಲ್ಲ, ವೆಲ್ಫೇರ್ ಆ್ಯಕ್ಟಿವಿಟಿ. ಅವರು ಇಷ್ಟಪಟ್ಟು ಬಂದಿದ್ದು.”

“ಗೇಟ್ ಪಾಸ್ ರದ್ದು ಮಾಡಿದ್ರಲ್ಲ?”

“ರದ್ದಲ್ಲ ಸರ್. ಮುಂದಕ್ಕೆ ಹಾಕಿದ್ದು.”

“ಗೇಟಿಗೆ ಬೀಗ?”

“ಸೇಫ್ಟಿಗೆ ಸರ್.”

ಲೆಕ್ಕ ಹಾಕಿ ನೋಡಿ. ಸರ್ಕಾರದ ಕಾಗದದ ಪ್ರಕಾರ ನೇತ್ರಾವತಿ ಹೊಲದಲ್ಲಿರಲಿಲ್ಲ. ಕಂಪನಿಯ ಕಾಗದದ ಪ್ರಕಾರ ಕೆಲಸದಲ್ಲಿರಲಿಲ್ಲ. ಹಾಗಾದರೆ ಆ ಹೊತ್ತು ಆಕೆ ಎಲ್ಲಿದ್ದರು? ನನ್ನ ಭಾಷಣದಲ್ಲಿ. ಅದಕ್ಕೆ ಕಾಗದವಿಲ್ಲ.

ಒಂದು ಕಡೆ ಆಫೀಸು, ಇನ್ನೊಂದು ಕಡೆ ಕಂಪನಿ. ಇಬ್ಬರೂ ಕೆಟ್ಟವರಲ್ಲ, ಇಬ್ಬರೂ ನಿಯಮ ಬಿಟ್ಟು ಮಾತಾಡಲಿಲ್ಲ. ಕಂಪನಿಗೆ ಗೋಮಾಳ ಬೇಕಾದಾಗ ಒಂದೇ ಕಿಟಕಿಯಲ್ಲಿ ಎಲ್ಲ ಕೆಲಸವಾಯಿತು. ನೇತ್ರಾವತಿಯವರಿಗೆ ಒಂದೆಕರೆ ಚಿಲ್ಲರೆಗೆ ಎಷ್ಟು ಕಿಟಕಿ? ಕಂಪನಿಗೆ ಆಕೆಯ ಒಂದೊಂದು ನಿಮಿಷವೂ ಲೆಕ್ಕ. ಆಫೀಸಿಗೆ ಆಕೆಯ ವರ್ಷಗಳೂ ಲೆಕ್ಕವಿಲ್ಲ. ಯಾರ ಟೈಮನ್ನು ಯಾರು ಹಾಳು ಮಾಡಬಹುದು ಎನ್ನುವುದೇ ಅಧಿಕಾರ ಅಲ್ಲವೇ? ಇದನ್ನು ಹೆಚ್‌ಆರ್ ಎದುರಿಗೇ ಹೇಳಬೇಕಿತ್ತು. ಹೊರಡುವಾಗ ಅವರು ಎರಡು ಬಾಟಲಿ ಅನಾನಸ್ ಜಾಮ್ ಕೊಟ್ಟರು. ಬೇಡ ಎಂದೆ, ಆದರೆ ಬೇಡ ಎನ್ನುವ ಹಾಗೆ ಅನ್ನಲಿಲ್ಲ. ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಬಂದೆ. ಹೆಂಡತಿ ಒಂದನ್ನೂ ಮುಟ್ಟಿಲ್ಲ.

ಮರುದಿನ ನೇತ್ರಾವತಿಯವರನ್ನು ಕರೆದುಕೊಂಡೇ ಕಚೇರಿಗೆ ಹೋದೆ. ಆಕೆ ಇನ್ನೊಂದು ರಜೆ ಹಾಕಿದ್ದರು. ನನಗೆ ಮತ್ತೆ ಕುರ್ಚಿ, ಮತ್ತೆ ಟೀ. ಆಕೆ ಬಾಗಿಲಲ್ಲಿ ನಿಂತರು. ಒಳಗೆ ಬನ್ನಿ ಎಂದು ಯಾರೂ ಅನ್ನಲಿಲ್ಲ. ಅನ್ನಬೇಕೆಂದು ನನಗೂ ಅರ್ಧ ಟೀ ಕುಡಿದ ಮೇಲೆ ಹೊಳೆಯಿತು.

“ಕಂಪನಿ ಲೆಟರ್ ಇಲ್ಲ ಅಂದ್ರೆ ನಾನೇ ಬರೆದುಕೊಡ್ತೀನಿ,” ಎಂದೆ. ಅಧಿಕಾರಿ ಒಪ್ಪಿದರು. ಬರೆಯತೊಡಗಿದೆ. ಪ್ರಸ್ತಾವನೆಯೇ ಒಂದು ಪುಟವಾಯಿತು. ಬಾಗಿಲಿಂದ ದನಿ ಬಂತು:

“ಸಣ್ಣದಾಗಿ ಬರೀರಿ ಮೇಷ್ಟ್ರೆ. ಅವ್ರಿಗೆ ಊಟದ ಹೊತ್ತಾತು.”

ಹರಿದು ಹಾಕಿ ಮೂರೇ ಸಾಲು ಬರೆದೆ. ಸದರಿ ದಿನ ಸದರಿ ಅರ್ಜಿದಾರರು ನನ್ನ ಭಾಷಣ ಕೇಳುತ್ತಿದ್ದರು. ಅವರು ಹೊರಡಲು ಎದ್ದಾಗ ನಾನೇ ಕೂರಿಸಿದೆ. ತಪ್ಪು ನನ್ನದು. ಕೆಳಗೆ ಸಹಿ. ಇಷ್ಟು ವರ್ಷ ಅಂಕಣ ಬರೆದಿದ್ದೇನೆ, ಇಷ್ಟು ನೇರವಾಗಿ ಮೂರು ಸಾಲು ಬರೆದ ನೆನಪಿಲ್ಲ.

ಅಧಿಕಾರಿ ಓದಿ ನಕ್ಕರು. ಫೈಲಿಗೆ ಸೇರಿಸಿದರು. “ನಿಮ್ಮ ಮುಖ ನೋಡಿ ಇನ್ನೊಂದು ದಿನ ಕೊಡ್ತೀನಿ ಸಾರ್. ಬರೋ ಗುರುವಾರ, ಹನ್ನೊಂದು ಗಂಟೆ.”

ಒಂದು ಕ್ಷಣ ಬೀಗಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಬಾಗಿಲ ಕಡೆ ನೋಡಿದೆ. ಅರ್ಜಿ ಆಕೆಯದು, ಹೊಲ ಆಕೆಯದು, ಮೂರು ಸಲ ಬದುವಿನ ಮೇಲೆ ಕಾದ ಬಿಸಿಲು ಆಕೆಯದು. ದಿನ ಸಿಕ್ಕಿದ್ದು ಮಾತ್ರ ನನ್ನ ಮುಖಕ್ಕೆ. ನನಗೆ ನಾಚಿಕೆಯಾಯಿತು. ಟೀ ಅಲ್ಲೇ ಬಿಟ್ಟು ಎದ್ದೆ.

ಹೊರಗೆ ನೇತ್ರಾವತಿ ದಿನ ಬರೆದ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡರು. ಗುರುವಾರ ಕೆಲಸದ ದಿನ. ಈಗಾಗಲೇ ಬೇಕಾದಷ್ಟು ರಜೆ ಆಗಿದೆ, ಇನ್ನೊಂದು ಕೇಳಿದರೆ ‘ಮನೆಯಲ್ಲೇ ಇರಿ’ ಎನ್ನಬಹುದು ಎಂದರು. ಹೊಲ ಉಳಿಸಿಕೊಳ್ಳಲು ಹೋದರೆ ಕೆಲಸ ಹೋಗುತ್ತದೆ, ಕೆಲಸ ಉಳಿಸಿಕೊಂಡರೆ ಹೊಲ. ನನ್ನ ಎದೆ ಮತ್ತೆ ಉಬ್ಬಿತು.

“ಚಿಂತೆ ಮಾಡಬೇಡಿ ನೇತ್ರಮ್ಮ. ಆ ಮ್ಯಾನೇಜರ್ ಹತ್ತಿರ ನಾನು ಮಾತಾಡ್ತೀನಿ.”

ಆಕೆ ಮೊದಲ ಸಲ ಗಾಬರಿಯಾದರು.

“ಬ್ಯಾಡ ಮೇಷ್ಟ್ರೆ. ನೀವು ಮಾತಾಡಿದ್ರೆ ಅವ್ರು ನಿಮ್ಮನ್ನ ಇನ್ನೊಂದ್ ಸಲ ಭಾಷಣಕ್ಕೆ ಕರೀತಾರೆ.”