ತಾಟಿನ ಗೀಟು, ನೆಗೆಣ್ಣಿಯ ರೊಟ್ಟಿ

ನನ್ನ ನೆಗೆಣ್ಣಿ ಕಳ್ಳಿಯಲ್ಲ. ರೊಟ್ಟಿ ಬಡಿಯಲು ಬಾರದವಳು, ಅಷ್ಟೆ. ಇದು ನನಗೆ ತಿಳಿಯಲು ವಕೀಲರ ತನಕ ಹೋಗಿಬರಬೇಕಾಯಿತು.

ಖಡಕ್ ರೊಟ್ಟಿ ಮಾಡಿ ಅಂಗಡಿ, ಖಾನಾವಳಿಗಳಿಗೆ ಕೊಡುವುದು ನನ್ನ ಕಸುಬು. ಪಾಕೀಟಿನ ಮೇಲೆ ಹಚ್ಚಲು ಚೀಟಿ ಬೇಕೆಂದು ಅಂಗಡಿಯವರು ಕೇಳಿದರು. ನಾನೇ ಕಾಗದದ ಮೇಲೆ ಉಣ್ಣುವ ಒಂದು ಸಣ್ಣ ತಾಟು ಇಟ್ಟು, ಸುತ್ತ ಗೀಟು ಎಳೆದು, ನಡುವೆ ಕೆಂಪಗೆ ‘ಜೋಳದ ರೊಟ್ಟಿ’ ಎಂದು ಬರೆದೆ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳ ಅಕ್ಷರ. ಒಂದು ಅತ್ತ ವಾಲಿದರೆ ಇನ್ನೊಂದು ಇತ್ತ. ಪ್ರೆಸ್ಸಿನವನು ಅದನ್ನೇ ಚಿಕ್ಕದು ಮಾಡಿ ಅಚ್ಚು ಹಾಕಿಕೊಟ್ಟ.

ಕಮರಿಪೇಟೆಯಲ್ಲಿರುವ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿಯೂ, ರೊಟ್ಟಿ ಮಾರಲು ಶುರು ಮಾಡಿದಳು. ಅವಳ ಚೀಟಿಯ ಮೇಲೂ ಅದೇ ದುಂಡು ಗೀಟು, ಅದೇ ವಾಲಿದ ಕೆಂಪು ಅಕ್ಷರ. ರೊಟ್ಟಿ ಮಾತ್ರ ದಪ್ಪ, ಹಲ್ಲಿಗೆ ಜಗ್ಗುವಂಥದ್ದು. ಮಾರಿದವಳು ಅವಳು, ಬೈಸಿಕೊಂಡವಳು ನಾನು. ರಾಯಾಪುರದ ಖಾನಾವಳಿಯವನು ದಾರಿಯಲ್ಲೇ ಹಿಡಿದು ನಿಲ್ಲಿಸಿದ.

“ಅಮ್ಮಾರ, ಈ ಸಲ ರೊಟ್ಟಿ ಕೊಟ್ಟೀರೋ ಚಪ್ಪಲಿ ಅಟ್ಟೀರೋ?”

“ಅದು ನಂದಲ್ಲೋ ತಮ್ಮಾ.”

“ಚೀಟಿ ನಿಮ್ಮದ ಐತಲ್ರಿ. ಇನ್ನೊಮ್ಮೆ ಹಿಂಗಾದ್ರ ನಿಮ್ಮ ರೊಟ್ಟಿ ನಮಗ ಬ್ಯಾಡ.”

ಅವನು ಬಿಟ್ಟರೆ ಉಳಿದವರೂ ಬಿಡುತ್ತಾರೆ. ನನ್ನ ಒಲೆ ಆರುತ್ತದೆ.

ನಮ್ಮಲ್ಲಿ ಪಾತ್ರೆಗಳಿಗೆ ಹೆಸರು ಕೊರೆಸುವ ರೂಢಿ. ಮದುವೆ ಮನೆಯಲ್ಲಿ ನಾಲ್ಕು ಮನೆಯ ಪಾತ್ರೆ ಕೂಡಿದರೂ, ತಳ ನೋಡಿದರೆ ಯಾರದೆಂದು ಗೊತ್ತಾಗುತ್ತದೆ; ಜಗಳ ಮುಗಿಯುತ್ತದೆ. ಕಾಯ್ದೆಯೂ ಹಾಗೇ ಇರಬೇಕು ಅಂದುಕೊಂಡೆ. ಗೀಟು ಎಳೆದದ್ದು ನಮ್ಮ ಮನೆಯ ತಾಟಿನಿಂದ, ಆದ್ದರಿಂದ ಗೀಟು ನನ್ನದು. ತಾಟನ್ನೇ ಸಾಕ್ಷಿ ಮಾಡಿ ಚೀಲದಲ್ಲಿ ಹಾಕಿಕೊಂಡು ಓಣಿಯ ವಕೀಲರ ಹತ್ತಿರ ಹೋದೆ.

ಅವರು ಎರಡೂ ಚೀಟಿಗಳನ್ನು ನೋಡಿದರು. “ಅಜ್ಜಿ, ದುಂಡು ಗೀಟಿನ ಮ್ಯಾಲ ಯಾರಿಗೂ ಹಕ್ಕು ಕೇಳಾಕ ಬರೂದಿಲ್ರಿ. ನಾಳೆ ಚಕ್ಕಡಿ ಗಾಲೀಗೂ ದಾವಾ ಹಾಕ್ತೀರಿ.”

“ಅಕ್ಷರಾರ ನನ್ನವ ಹೌದಲ್ರಿ? ನೋಡ್ರಿ, ಹೆಂಗ ವಾಲ್ಯಾವ.”

“ವಾಲಿದ ಅಕ್ಷರಕ್ಕ ಹಕ್ಕು ಕೊಟ್ರ ನನ್ನ ಮಗ ದೊಡ್ಡ ಆಸ್ತಿವಂತ ಆಗ್ತಾನ. ಕಾಪಿರೈಟು ಸಿಗಬೇಕಂದ್ರ ತಲಿ ಓಡಿಸಿ ಏನರ ಚಿತ್ರಾ ಬರದಿರಬೇಕ್ರಿ. ರೊಟ್ಟಿಗೆ ರೊಟ್ಟಿ ಅಂತ ಎಲ್ಲಾರೂ ಬರೀಬಹುದು. ಬ್ಯಾರೆ ಹೆಸರು ಇಟ್ಟಿದ್ರ ಅದರ ಮಾತು ಬ್ಯಾರೆ ಇತ್ತು.”

ನಾನು ತಾಟು ತೆಗೆದು ಮೇಜಿನ ಮೇಲೆ ಕುಟ್ಟಿದೆ. “ಇದು ನೋಡ್ರಿ ಮೊದಲ.”

ಅವರು ತಿರುಗಿಸಿ ತಳ ಓದಿದರು. ಮತ್ತೊಮ್ಮೆ ಓದಿದರು. ಅಲ್ಲಿ ಇದ್ದದ್ದು ನನ್ನ ನೆಗೆಣ್ಣಿಯ ಹೆಸರು. ಯಾವುದೋ ಮದುವೆಯಲ್ಲಿ ಅದಲುಬದಲಾಗಿ ಬಂದಿರಬೇಕು. ದಿನಾ ತಿಕ್ಕುತ್ತಿದ್ದೆ, ತಳ ಓದುವ ಗೋಜಿಗೆ ಹೋಗಿರಲಿಲ್ಲ.

“ನಿಮ್ಮ ಲೆಕ್ಕದಾಗ ಹೋದ್ರ ಗೀಟು ಅವರದ ಆತಲ್ರಿ ಅಜ್ಜಿ,” ಎಂದರು ವಕೀಲರು. ನಗು ತಡೆಯಲು ಕೆಮ್ಮಿದರು. ನಾನು ತಾಟನ್ನು ಚೀಲಕ್ಕೆ ಸೇರಿಸಿದೆ. ಅವರ ಹೆಂಡತಿ ತಂದಿಟ್ಟ ಚಹಾ ಮಾತ್ರ ಬಿಡದೆ ಕುಡಿದು ಬಂದೆ.

ಮರುದಿನ ಬೆಳಿಗ್ಗೆ ಆಟೋ ಹಿಡಿದು ಕಮರಿಪೇಟೆಗೆ ಹೋದೆ. ನೆಗೆಣ್ಣಿ ಹಿಟ್ಟು ನಾದುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಿದಳು.

“ಚೀಟಿ ಸಲುವಾಗಿ ಜಗಳಾ ತಗ್ಯಾಕ ಬಂದಿ ಏನಕ್ಕಾ?”

“ಚೀಟಿ ನೀನ ಇಟ್ಕೋ. ಹಿಟ್ಟಿಗೆ ಎಂಥಾ ನೀರು ಹಾಕೀದಿ?”

“ಬೆಚ್ಚಗಿನ್ವು.”

“ಕೂಸಿಗೆ ಎರೀತಿಯೇನು? ಎಸರು ಕುದೀಬೇಕು. ಬೈಗಳಾ ನನಗ ಬರತಾವ ಅಂದಮ್ಯಾಲ ರೊಟ್ಟೀನೂ ನನ್ನಂಗ ಆಗ್ಬೇಕು. ಸರಿ ಅತ್ತಾಗ.”

ಅವಳು ನಾದಿದ್ದನ್ನು ಎಮ್ಮೆಯ ಮುಸುರೆ ಬಾನಿಗೆ ಹಾಕಿ, ಒಲೆಯ ಮೇಲೆ ಎಸರಿಟ್ಟೆ.