ಅಲಾಯ್ ವೀಲಿನ ಅಕ್ಕ

ಅಕ್ಕನ ಹತ್ತು ಬೆರಳಿಗೂ ಗೆರೆ ಇರಲಿಲ್ಲ. ತುದಿಗಳು ತೊಳೆದಿಟ್ಟ ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ರೇಷನ್ ಅಂಗಡಿಯ ಮಿಷನ್ನಿನ ಮೇಲೆ ಹೆಬ್ಬೆಟ್ಟು ಒತ್ತಿದರೆ ಅದು ಒಂದು ಸಲವೂ ಒಪ್ಪಿಕೊಳ್ಳುತ್ತಿರಲಿಲ್ಲ. ಹಿಂದೆ ನಿಂತವರು ಗೊಣಗಿದರೆ ಅಕ್ಕ ತಿರುಗಿ, "ನಿಮ್ ಬೆರಳೂ ಕೊಡಿ, ಒಂದ್ ತಿಂಗ್ಳಲ್ಲಿ ಇಂಗೇ ಮಾಡ್ಕೊಡ್ತೀನಿ" ಅನ್ನುತ್ತಿದ್ದಳು. 

ಅವಳು ನನ್ನ ಒಡಹುಟ್ಟಿದವಳಲ್ಲ. ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ರಸ್ತೆಯಲ್ಲಿ ಅವಳದೊಂದು ಶೆಡ್ಡಿತ್ತು. ಕಾರುಗಳ ಅಲ್ಯೂಮಿನಿಯಂ ಚಕ್ರಗಳನ್ನು, ಎಲ್ಲರೂ ಅಲಾಯ್ ವೀಲು ಅನ್ನುತ್ತಾರಲ್ಲ, ಅವುಗಳನ್ನು ಬಿಚ್ಚಿ ತಂದುಕೊಟ್ಟರೆ ಹಳೆಯ ಬಣ್ಣ, ಅದರ ಮೇಲಿನ ಕ್ಲಿಯರ್ ಕೋಟು ಎಲ್ಲವನ್ನೂ ಕಿತ್ತು ಬರೀ ಲೋಹ ಮಾಡಿ ಕೊಡುವುದು ಅವಳ ಕೆಲಸ. ಗಂಡ ಕಾರಿಗೆ ಬಣ್ಣ ಹೊಡೆಯುತ್ತಿದ್ದವನು. ಅವನು ತೀರಿಕೊಂಡ ಮೇಲೆ ಬಣ್ಣ ಹೊಡೆಯುವುದನ್ನು ಬಿಟ್ಟು ಕೀಳುವುದನ್ನಷ್ಟೇ ಇಟ್ಟುಕೊಂಡಳು. ಹುಟ್ಟಿದ್ದು ತಮಿಳು ಮಾತಾಡುವವರೇ ಹೆಚ್ಚಿರುವ ಮಾರ್ಟಳ್ಳಿಯಲ್ಲಿ. ಸಿಟ್ಟು ನೆತ್ತಿಗೇರಿದರೆ ಕನ್ನಡ ಬಿಟ್ಟು ತಮಿಳಿಗೆ ಹೋಗುತ್ತಿದ್ದಳು.

ನಮ್ಮದು ಕೊಳ್ಳೇಗಾಲದ ರೇಷ್ಮೆ ನೇಯುವ ಮನೆ. ಮಗ್ಗದಲ್ಲಿ ಹೊಟ್ಟೆ ತುಂಬದೆ ಮೂವತ್ತನಾಲ್ಕನೇ ವಯಸ್ಸಿಗೆ ಅವಳ ಮುಂದೆ ಕೆಲಸ ಕೇಳಿಕೊಂಡು ನಿಂತೆ. ಅವಳು ನನ್ನ ಕೈ ಹಿಡಿದು ತಿರುಗಿಸಿ, ಮಣಿಕಟ್ಟಿನ ಮೇಲೆ ಪೇಂಟ್ ರಿಮೂವರಿನ ಒಂದು ತೊಟ್ಟು ಬಿಟ್ಟಳು. ಬೆಂಕಿ ಕಡ್ಡಿ ಗೀರಿ ಇಟ್ಟ ಹಾಗಾಯಿತು. ಕೈ ಎಳೆದುಕೊಳ್ಳಲು ಹೋದರೆ ಬಿಡಲಿಲ್ಲ.

"ಉರೀತೇನ್ಲಾ? ಇದು ಬಣ್ಣನೂ ತಿಂತದೆ, ನಿನ್ನೂ ತಿಂತದೆ. ವೀಲ್ನ ಮಾತ್ರ ತಿನ್ನಕ್ಕಿಲ್ಲ. ಗ್ಯಾನ ಮಡಿಕೊ." ಆಮೇಲೆ ನೀರಿನ ಬಕೆಟ್ ಕಡೆ ನೂಕಿದಳು.

ಕೆಲಸ ಮಾತ್ರ ಅಚ್ಚುಕಟ್ಟು. ಚಕ್ರವನ್ನು ಸೋಪುನೀರಲ್ಲಿ ತೊಳೆದು ಒಣಗಿಸಿ, ಬ್ರಷ್ಷಿನಿಂದ ರಿಮೂವರ್ ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಕವರ್ ಮುಚ್ಚಿ ಕಾಯುವುದು. ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದು ನಿಲ್ಲುತ್ತಿತ್ತು. ಅದನ್ನು ಪ್ಲಾಸ್ಟಿಕ್ ಪಟ್ಟಿಯಿಂದಲೇ ಕೆರೆಯಬೇಕು. ಕಬ್ಬಿಣ ಮುಟ್ಟಿಸಿದರೆ ಆ ಕಬ್ಬಿಣದಲ್ಲೇ ಬೆರಳ ಗೆಣ್ಣಿಗೆ ಏಟು ಬೀಳುತ್ತಿತ್ತು. ರಿಮೂವರ್ ಡಬ್ಬ ತೆಗೆದ ಮೇಲೆ ಕೆಲಸವೆಲ್ಲ ಅಂಗಳದಲ್ಲೇ. ಒಳಗೆ ಹಚ್ಚಿದರೆ ಅದರ ಘಾಟಿಗೆ ತಲೆ ತಿರುಗುತ್ತದೆಂದು ಒಮ್ಮೆಯೂ ಬಿಡುತ್ತಿರಲಿಲ್ಲ. ಗಿರಾಕಿಗಳೂ ಅವಳಿಂದ ಬೈಸಿಕೊಂಡೇ ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು. ಅಷ್ಟು ನುಣ್ಣನೆಯ ಕೆಲಸ ಸುತ್ತ ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬರು ಮಾಡುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ವರ್ಷವೇ ನಾನೊಂದು ತಪ್ಪು ಮಾಡಿದೆ. ಹನೂರಿನ ಟ್ಯಾಕ್ಸಿ ಡ್ರೈವರೊಬ್ಬ ನಾಲ್ಕು ವೀಲು ಬಿಟ್ಟು ಹೋಗಿದ್ದ. ಅಕ್ಕ ತವರಿಗೆ ಹೋಗಿದ್ದಳು. ರಿಮೂವರ್ ಮುಗಿದಿತ್ತು. ನಮ್ಮ ಮನೆಯಲ್ಲಿ ರೇಷ್ಮೆಯ ಅಂಟು ಬಿಡಿಸಲು ನೂಲನ್ನು ಸೋಡಾ ಹಾಕಿ ಕುದಿಸುತ್ತಿದ್ದರು. ಅದೇ ಬುದ್ಧಿ ಓಡಿಸಿ, ಕಾಸ್ಟಿಕ್ ಸೋಡಾ ತಂದು ಡ್ರಮ್ಮಿನ ಬಿಸಿನೀರಿಗೆ ಸುರಿದು ಎರಡು ವೀಲು ಮುಳುಗಿಸಿದೆ. ಬುಸ್ ಎಂದು ನೊರೆ ಎದ್ದಿತು. ಬಣ್ಣ ಬಿಡುತ್ತಿದೆ ಎಂದು ಹಿಗ್ಗಿದೆ. ಎತ್ತಿ ನೋಡಿದರೆ ಲೋಹ ಕರ್ರಗಾಗಿ, ಮೈತುಂಬ ಸಿಡುಬಿನ ಕಲೆಯಂಥ ಗುಳಿ.

ಅಕ್ಕ ಬಂದು ಹೆಬ್ಬೆರಳಿನಲ್ಲಿ ಸವರಿ ನೋಡಿದಳು. ಕೂಗಾಡಲಿಲ್ಲ. "ಚೀಲಕ್ಕಾಕು. ನಡಿ" ಅಂದಳು.

ಎರಡು ವೀಲನ್ನು ಗೋಣಿಚೀಲದಲ್ಲಿ ತಲೆಯ ಮೇಲೆ ಹೊರಿಸಿ, ಗುರುತಿನವರೆಲ್ಲ ಇರುವ ಬಸ್ ಸ್ಟ್ಯಾಂಡಿನ ನಡುವೆ ನಡೆಸಿದಳು. ಹನೂರಿನ ಬಸ್ಸಿನಲ್ಲಿ ಮುಂದೆ ಕೂತು ಕಡ್ಲೇಕಾಯಿ ಬಿಡಿಸಿ ತಿಂದಳು. ನಾನು ಹಿಂದೆ ನಿಂತಿದ್ದೆ. ಡ್ರೈವರನ ಮನೆಮುಂದೆ ಅವನ ಹೆಂಡತಿ, ಮಕ್ಕಳು, ಅಕ್ಕಪಕ್ಕದವರು ಸೇರುವವರೆಗೂ ಕಾದು, "ಏನ್ ಮಾಡ್ದೆ ಏಳ್ಲಾ" ಅಂದಳು.

"ನಾನೇ ಆಳ್ ಮಾಡ್ಬುಟ್ಟೆ ಸಾ, ಸೋಡಾ ಆಕ್ಬುಟ್ಟೆ" ಅಂದೆ.

ಅವನು ಚೀಲ ಬಿಚ್ಚಿ ನೋಡಿದವನೇ ನನ್ನ ಕೆನ್ನೆಗೆ ಬಾರಿಸಿದ. ಅಲ್ಲಿಗೆ ಅವನ ಸಿಟ್ಟು ಇಳಿದಿತ್ತು. ಒಳಗೆ ಹೋಗಲು ತಿರುಗಿದ.

"ಎರಡ್ ವೀಲ್ ಅವೆ ಸಾ," ಅಂದಳು ಅಕ್ಕ. "ಒಂದೇ ಏಟ್ ಒಡುದ್ರಿ."

ಜನ ನಕ್ಕರು. ಆತ ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ಅವನಿಗೆ ಮನಸ್ಸಿರಲಿಲ್ಲ, ಅದು ನನಗೆ ಕಾಣುತ್ತಿತ್ತು. ಆದರೆ ಅಷ್ಟು ಜನ ನೋಡುತ್ತಿದ್ದರು. ಇನ್ನೊಂದು ಹೊಡೆದ, ಮೆತ್ತಗೆ. ಆ ಮೆತ್ತಗಿನ ಏಟೇ ಜಾಸ್ತಿ ನೋಯಿಸಿತು.

ಆ ಡ್ರೈವರನಿಗೆ ಅಕ್ಕ ಮೈಸೂರಿಗೆ ಹೋಗಿ ಅಂಥವೇ ಎರಡು ವೀಲು ಹುಡುಕಿ ತಂದುಕೊಟ್ಟಳಂತೆ. ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಅವನ ಬಾಯಿಂದಲೇ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಹಾಳಾದ ವೀಲುಗಳನ್ನು ಶೆಡ್ಡಿನ ಬಾಗಿಲಿಗೆ ನೇತುಹಾಕಿ, ಬಂದ ಗಿರಾಕಿಗೆಲ್ಲ, "ನೋಡಿ, ನಮ್ ರೇಷ್ಮೆಯೋನ ಕುಸ್ರಿ ಕೆಲ್ಸ" ಎಂದು ತೋರಿಸುತ್ತಿದ್ದಳು. ರೇಷ್ಮೆಯೋನು ಅನ್ನುವುದೇ ನನ್ನ ಹೆಸರಾಯಿತು. ಹೀಗೆ ಐದು ವರ್ಷ. ಆ ಐದು ವರ್ಷದಲ್ಲಿ ನನ್ನ ಕೈ ಪಳಗಿತು. ಕಣ್ಣು ಮುಚ್ಚಿ ಸವರಿದರೂ ಎಲ್ಲಿ ಎಳೆಯಷ್ಟು ಕ್ಲಿಯರ್ ಕೋಟು ಉಳಿದಿದೆ ಎಂದು ಹೇಳಬಲ್ಲವನಾದೆ. ಒಂದು ದಿನವೂ ಅವಳು ಚೆನ್ನಾಗಿದೆ ಅನ್ನಲಿಲ್ಲ.

ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಧನಗೆರೆಯಿಂದ ನಮ್ಮ ಮಾವ, ಹೆಂಡತಿಯ ತಂದೆ, ಶೆಡ್ಡಿಗೆ ಬಂದರು. ಮಗಳ ಮನೆಗೆಂದು ಮುಸುಕಿನ ಜೋಳ ತಂದಿದ್ದರು. ಅಕ್ಕ ಅವರನ್ನು ಕೂರಿಸಿ, ಹನೂರಿನ ಕಥೆ ತೆಗೆದಳು. ನಾನು ಹೇಗೆ ತೊದಲಿದೆ, ಕೆನ್ನೆ ಹೇಗೆ ಒಡ್ಡಿದೆ, ಎಲ್ಲವನ್ನೂ ಮಾಡಿ ತೋರಿಸಿದಳು. ಮಾವ ನಗಲೂ ಆಗದೆ ಏಳಲೂ ಆಗದೆ ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ, "ಬತ್ತೀನಿ ಕಣಪ್ಪ" ಎಂದು ನನ್ನ ಮುಖ ನೋಡದೆ ಹೋದರು.

ಅವರು ಹೋದ ಹಿಂದೆಯೇ ಮಳೆ ಬಂತು. ಯಳಂದೂರು ಕಡೆಯ ಹೊನ್ನೂರಿನ ಗಿರಾಕಿಯೊಬ್ಬರ ನಾಲ್ಕು ವೀಲು ಸಂಜೆಗೆ ಕೊಡಬೇಕಿತ್ತು. ಅಕ್ಕ ತಾನೇ ಮಾಡಿದ್ದ ನಿಯಮ ಮುರಿದು ವೀಲು, ಡಬ್ಬ ಎಲ್ಲ ಒಳಗೆ ಎಳೆದುಕೊಂಡಳು. ಎರಚಲು ಹೊಡೆಯುತ್ತದೆಂದು ಶಟರ್ ಮೊಣಕಾಲಿನ ಮಟ್ಟಕ್ಕೆ ಇಳಿಸಿದಳು. ಕರೆಂಟ್ ಇರಲಿಲ್ಲ, ಫ್ಯಾನ್ ಇರಲಿಲ್ಲ. ಬೇಡ ಎಂದು ನಾನು ಹೇಳಬಹುದಿತ್ತು. ಹೇಳದೆ ರಸ್ತೆ ದಾಟಿ ಎದುರಿನ ಟೀ ಅಂಗಡಿಗೆ ಹೋದೆ.

ಸ್ವಲ್ಪ ಹೊತ್ತಿಗೆ ಅವಳ ಕೂಗು ಕೇಳಿತು. "ರೇಷ್ಮೆಯೋನೇ, ಬಾರ್ಲಾ ಇಲ್ಲಿ."

ನಾನು ಅಲ್ಲಾಡಲಿಲ್ಲ. ಇನ್ನೊಂದು ಸಲ ಕರೆದಳು. ಈ ಸಲ ಹೆಸರಿರಲಿಲ್ಲ, ಬರೀ "ಬಾಪ್ಪಾ" ಎಂದಷ್ಟೇ ಇತ್ತು. ಐದು ವರ್ಷದಲ್ಲಿ ಅವಳು ನನ್ನನ್ನು ಹಾಗೆ ಕರೆದಿರಲಿಲ್ಲ. ಟೀ ಅಂಗಡಿಯವನು, "ಕರೀತಾವ್ಳೆ ಓಗಯ್ಯ" ಅಂದ. "ಕರೀಲಿ ಬುಡು" ಎಂದು ಇನ್ನೊಂದು ಟೀ ಹೇಳಿದೆ. ಅದು ಬಿಸಿಯಾಗಿತ್ತು. ಆರಿಸಿಕೊಂಡು ಕುಡಿದೆ.

ಶಟರ್ ಎತ್ತಿದಾಗ ಘಾಟು ಮುಖಕ್ಕೆ ರಾಚಿತು. ಅಕ್ಕ ಶಟರಿಗೆ ಒಂದು ಮಾರು ದೂರದಲ್ಲಿ ಬೋರಲು ಬಿದ್ದಿದ್ದಳು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆ. ಡಾಕ್ಟರು ಕಣ್ಣು ಬಿಡಿಸಿ ನೋಡಿ, ಜೀವ ಹೋಗಿಬಿಟ್ಟಿದೆ ಅಂದರು.

"ಕೂಗಿ ಕರೀಲಿಲ್ವಾ?" ಎಂದು ಕೇಳಿದರು.

"ಇಲ್ಲ ಸಾ" ಅಂದೆ.

ಮಾರ್ಟಳ್ಳಿಯಿಂದ ಅವಳ ಅಣ್ಣ ಬಂದರು. ಮಣ್ಣು ಮಾಡಿದ ಮೂರನೇ ದಿನ ನನ್ನ ಮನೆ ಹುಡುಕಿಕೊಂಡು ಬಂದು, ಹೆಂಡತಿಯ ಎದುರಿಗೆ ನನ್ನ ಎರಡೂ ಕೈ ಹಿಡಿದುಕೊಂಡರು. "ಒರಟು ಎಂಗ್ಸು, ಯಾರೂ ಅವಳ್ಜೊತೆ ನಿಲ್ನಿಲ್ಲ. ನೀವೊಬ್ರು ನಿಂತ್ರಿ. ಕಡೇಗಾಲ್ದಲ್ಲಿ ಒಂಟಿಯಾಗ್ ಬುಡ್ನಿಲ್ಲ, ಅಷ್ಟು ಸಾಕು ನಮ್ಗೆ" ಎಂದು ಅತ್ತರು. ಆಮೇಲೆ ಜೇಬಿನಿಂದ ಶೆಡ್ಡಿನ ಬೀಗದ ಕೈ ತೆಗೆದು, "ನೀವೇ ನಡ್ಸಿ. ಅವಳಿಗೂ ಅದೇ ಇಷ್ಟ ಇತ್ತು, ಊರಿಗ್ ಬಂದಾಗೆಲ್ಲ ಏಳ್ತಿದ್ಲು, ನನ್ಗಿಂತ ಅವನ್ ಕೈಯೇ ಚೆಂದ ಅಂತ" ಅಂದರು.

ನನ್ನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಬೀಗದ ಕೈ ಇಸಿದುಕೊಂಡೆ.